ಮೋಟಾರು ಗಾಡಿಗೆ ಮೈ ಕೊಟ್ಟವನು: ಹಾರ್ಲಿ ಅರ್ಲ್

ಮೋಟಾರು ಗಾಡಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎಂಜಿನಿನಿಂದ ಆರಂಭಿಸುತ್ತಾರೆ. ಪೆಟ್ರೋಲನ್ನು ಉರಿಸಿ ಚಕ್ರವನ್ನು ತಿರುಗಿಸಿದ ಜರ್ಮನಿಯ ಬೆಂಝ್ ಮತ್ತು ಡೈಮ್ಲರ್, ಆ ಗಾಡಿಯನ್ನು ರೈತನ ಬಾಗಿಲಿಗೂ ತಂದು ನಿಲ್ಲಿಸಿದ ಅಮೆರಿಕದ ಹೆನ್ರಿ ಫೋರ್ಡ್, ಇವರ ಹೆಸರುಗಳನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಬೀದಿಯಲ್ಲಿ ಹೋಗುವ ಒಂದು ಗಾಡಿಯನ್ನು ನಾವು ನಿಂತು, ತಿರುಗಿ, ಮತ್ತೊಮ್ಮೆ ನೋಡುವಾಗ ನಮ್ಮ ಕಣ್ಣಿಗೆ ಬೀಳುವುದು ಅದರ ಮೈ. ಅದರ ಉದ್ದವಾದ ಮೂತಿ, ನೆಲಕ್ಕೆ ಬಾಗಿದ ನಿಲುವು, ನಿಂತಲ್ಲಿಯೇ ಓಡುತ್ತಿರುವಂತೆ ತೋರುವ ರೇಖೆ, ಇವು ತಾವಾಗಿ ಹುಟ್ಟಿದುವಲ್ಲ. ಅವನ್ನು ಯಾರೋ ಮನಸ್ಸಿನಲ್ಲಿ ಕಂಡು, ಕೈಯಿಂದ ತಿದ್ದಿ, ಹಟ ಹಿಡಿದು ಲೋಹಕ್ಕೆ ಇಳಿಸಿರಬೇಕು.

ಆ ಕೆಲಸಕ್ಕೆ ದೊಡ್ಡ ಕಾರಖಾನೆಯಲ್ಲಿ ಮೊಟ್ಟಮೊದಲು ಒಂದು ಪೀಠವನ್ನು ದೊರಕಿಸಿಕೊಟ್ಟವನು ಹಾರ್ಲಿ ಅರ್ಲ್. 1927ರಿಂದ 1958ರವರೆಗೆ, ಮೂವತ್ತೊಂದು ವರ್ಷಗಳ ಕಾಲ, ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಗಾಡಿಗಳೆಲ್ಲ ಅವನ ಕಣ್ಣಿನ ಮುಂದೆ ಹಾದು ಬೀದಿಗೆ ಬಂದುವು. 1960ರ ದಶಕದಲ್ಲಿ ಅಮೆರಿಕದ ತರುಣರಿಗೆ ಹುಚ್ಚು ಹಿಡಿಸಿದ ಮಸಲ್ ಕಾರುಗಳು, ಎಂದರೆ ಸಾಧಾರಣ ಗಾತ್ರದ ಎರಡು ಬಾಗಿಲಿನ ಮೈಯೊಳಗೆ ಭಾರಿಯ ಎಂಜಿನನ್ನು ಕೂರಿಸಿ ಕೈಗೆಟಕುವ ಬೆಲೆಗೆ ಮಾರಿದ ಗಾಡಿಗಳು, ಅವನು ನಿವೃತ್ತನಾದ ಮೇಲೆ ಬಂದುವು. ಆದರೂ ಅವುಗಳಿಗೆ ನೆಲವನ್ನು ಹದಮಾಡಿದವನು ಅವನೇ. ಗಾಡಿಯ ರೂಪವು ಯಾವ ಮಾತನ್ನು ಕೊಡುವುದೋ ಆ ಮಾತನ್ನು ಅದರ ಯಂತ್ರವು ಉಳಿಸಿಕೊಡಬೇಕು ಎಂಬ ಪಾಠ ಅವನ ಗೆಲವಿನಲ್ಲಿಯೂ ಇದೆ, ಸೋಲಿನಲ್ಲಿಯೂ ಇದೆ.

ಬಂಡಿಯ ಕಾರಖಾನೆಯ ಹುಡುಗ

ಹಾರ್ಲಿ ಅರ್ಲ್ 1893ನೆಯ ಇಸವಿ ನವೆಂಬರ್ 22ರಂದು ಕ್ಯಾಲಿಫೋರ್ನಿಯಾದ ಹಾಲಿವುಡ್ಡಿನಲ್ಲಿ ಹುಟ್ಟಿದನು. ಆಗ ಅಲ್ಲಿ ಚಲನಚಿತ್ರದ ಸುಳಿವೇ ಇರಲಿಲ್ಲ. ಅದೊಂದು ಸಣ್ಣ ಊರು. ತಂದೆ ಜೇಕಬ್ ಅರ್ಲ್ ಮಿಷಿಗನ್ ಪ್ರಾಂತದಿಂದ ಬಂದು ಲಾಸ್ ಏಂಜಲೀಸಿನಲ್ಲಿ ನೆಲಸಿ, 1889ರಲ್ಲಿ ಕುದುರೆಗಾಡಿಗಳನ್ನು ಮಾಡುವ ಕಾರಖಾನೆಯನ್ನು ತೆರೆದಿದ್ದನು. ಕಾಲದ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂಬುದನ್ನು ಅರಿತ ಆತ 1908ರಲ್ಲಿ ಮೋಟಾರು ಗಾಡಿಗಳಿಗೆ ಮೈ ಕಟ್ಟುವ ಕೆಲಸಕ್ಕೆ ತಿರುಗಿದನು. ಮಗ ಮರದ ಹೊಟ್ಟಿನ ವಾಸನೆ, ಬಣ್ಣದ ವಾಸನೆಗಳ ನಡುವೆ ಬೆಳೆದನು. ಬಾಲ್ಯದಲ್ಲಿ ಬೆಟ್ಟದ ಸೀಮೆಗೆ ಬಿಡಾರ ಹೋಗಿದ್ದಾಗ ಮಳೆಗೆ ನೆನೆದ ಜೇಡಿಮಣ್ಣಿನಿಂದ ಪುಟ್ಟ ಗಾಡಿಗಳನ್ನು ಮಾಡಿ ಆಡುತ್ತಿದ್ದನೆಂದು ಒಂದು ಕಥೆಯುಂಟು. ಮುಂದೆ ಅವನ ಜೀವನವೆಲ್ಲ ಆ ಆಟದ ವಿಸ್ತಾರವೇ ಆಯಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿದ್ದುಂಟು. ಪದವಿಯನ್ನು ಪಡೆಯದೆ ತಂದೆಯ ಕಾರಖಾನೆಗೆ ಮರಳಿದನು. ಅಷ್ಟರಲ್ಲಿ ಹಾಲಿವುಡ್ಡಿಗೆ ಚಿತ್ರೋದ್ಯಮ ಬಂದಿತ್ತು. ದಿನ ಬೆಳಗಾಗುವುದರೊಳಗೆ ಸಿರಿವಂತರಾದ ನಟರಿಗೆ ಇನ್ನೊಬ್ಬರ ಬಳಿ ಇಲ್ಲದ ಗಾಡಿ ಬೇಕಾಗಿತ್ತು. ಹಾಸ್ಯನಟ ರಾಸ್ಕೊ ಆರ್ಬಕಲ್ಲನಿಗೆ, ಕುದುರೆ ಸವಾರಿಯ ಪಾತ್ರಗಳಿಗೆ ಹೆಸರಾದ ಟಾಮ್ ಮಿಕ್ಸನಿಗೆ ಅರ್ಲ್ ಗಾಡಿಗಳನ್ನು ರೂಪಿಸಿಕೊಟ್ಟನು. ಮಿಕ್ಸನ ಗಾಡಿಯ ಮೇಲೆ ಕುದುರೆಯ ಜೀನನ್ನೇ ಕೂರಿಸಿದ್ದನೆಂದು ಹೇಳುತ್ತಾರೆ. ಈ ಗಿರಾಕಿಗಳಿಂದ ಅವನು ಒಂದು ವಿಷಯವನ್ನು ಕಲಿತನು. ಮನುಷ್ಯನು ಗಾಡಿಯನ್ನು ಪ್ರಯಾಣಕ್ಕೆಂದು ಕೊಳ್ಳುತ್ತಾನೆ, ನಿಜ. ಅದರೊಡನೆ ತಾನು ಯಾರಾಗಬೇಕೆಂದು ಬಯಸುವನೋ ಆ ವ್ಯಕ್ತಿಯ ವೇಷವನ್ನೂ ಕೊಳ್ಳುತ್ತಾನೆ.

1919ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಡಿಲಾಕ್ ಗಾಡಿಗಳನ್ನು ಮಾರುತ್ತಿದ್ದ ಡಾನ್ ಲೀ ಎಂಬ ವರ್ತಕನು ಅರ್ಲ್ ಕಾರಖಾನೆಯನ್ನು ಕೊಂಡುಕೊಂಡನು. ಮಗನನ್ನು ಮಾತ್ರ ಅಲ್ಲಿಯೇ ಮುಖ್ಯಸ್ಥನನ್ನಾಗಿ ಉಳಿಸಿಕೊಂಡನು. ಕ್ಯಾಡಿಲಾಕ್ ಶಾಖೆಯ ಅಧಿಕಾರಿ ಲಾರೆನ್ಸ್ ಫಿಷರ್ ಈ ಅಂಗಡಿಗೆ ಬಂದಾಗ ಅವನ ಗಮನವನ್ನು ಸೆಳೆದದ್ದು ಅರ್ಲನ ಕೆಲಸದ ರೀತಿ. ಇತರರು ಮರದ ಚೌಕಟ್ಟಿಗೆ ತಗಡನ್ನು ಬಡಿದು ಗಾಡಿಯ ಭಾಗಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದರು. ಅರ್ಲನು ಇಡೀ ಗಾಡಿಯ ಮಾದರಿಯನ್ನು ಜೇಡಿಮಣ್ಣಿನಲ್ಲಿ ಮಾಡುತ್ತಿದ್ದನು. ಮಣ್ಣು ಬೆರಳಿನ ಮಾತನ್ನು ಕೇಳುತ್ತದೆ. ಬಾನೆಟ್ಟು, ಮಡ್‌ಗಾರ್ಡು, ದೀಪ, ಬಾಗಿಲು ಇವು ಬೇರೆ ಬೇರೆಯಾಗಿ ಉಳಿಯದೆ ಒಂದರೊಳಗೊಂದು ಹರಿದು ಸೇರುತ್ತವೆ. ಕುಂಬಾರನಿಗೆ ಹೊಸದಲ್ಲದ ಈ ಸತ್ಯ ಮೋಟಾರು ಕಾರಖಾನೆಗೆ ಹೊಸದಾಗಿತ್ತು.

ಡೆಟ್ರಾಯಿಟಿಗೆ ಬಂದ ಬಣ್ಣ

ಆ ಕಾಲದ ಅಮೆರಿಕದ ರಸ್ತೆಗಳಲ್ಲಿ ಫೋರ್ಡನ ಟಿ ಮಾದರಿಯದೇ ರಾಜ್ಯಭಾರ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೆ ಮೇಲ್ಪಟ್ಟು ಗಾಡಿಗಳು ತಯಾರಾದುವು. ಬಹುಕಾಲ ಅವಕ್ಕೆ ಕಪ್ಪು ಬಣ್ಣವೊಂದೇ. ಗಾಡಿ ಗಟ್ಟಿಯಾಗಿದ್ದು ಅಗ್ಗವಾಗಿದ್ದರೆ ಸಾಕೆಂಬುದು ಫೋರ್ಡನ ಮತ. ಜನರಲ್ ಮೋಟಾರ್ಸಿನ ಅಧ್ಯಕ್ಷ ಆಲ್ಫ್ರೆಡ್ ಸ್ಲೋನ್ ಬೇರೆ ಲೆಕ್ಕ ಹಾಕಿದನು. ಗಾಡಿ ಇಲ್ಲದವರ ಸಂಖ್ಯೆ ಕಡಿಮೆಯಾಗುತ್ತ ಬಂದಿತ್ತು. ಇನ್ನು ಮುಂದೆ ಗಾಡಿ ಇದ್ದವನಿಗೇ ಮತ್ತೊಂದನ್ನು ಮಾರಬೇಕು. ಹಳೆಯದು ಓಡುತ್ತಿರುವಾಗಲೇ ಹೊಸದು ಬೇಕೆನ್ನಿಸಬೇಕಾದರೆ ಹೊಸದು ಹೆಚ್ಚು ಚೆಲುವಾಗಿರಬೇಕು. ಬೇಗ ಒಣಗುವ ಡೂಕೊ ಎಂಬ ಮೆರುಗೆಣ್ಣೆ 1920ರ ದಶಕದ ನಡುವಿನಲ್ಲಿ ಬಳಕೆಗೆ ಬಂದದ್ದರಿಂದ ಬಣ್ಣಗಳ ಬಾಗಿಲೂ ತೆರೆದಿತ್ತು.

ಕ್ಯಾಡಿಲಾಕಿಗಿಂತ ಬೆಲೆಯಲ್ಲಿ ಸ್ವಲ್ಪ ಕೆಳಗಿನ ಲಾ ಸಾಲ್ ಎಂಬ ಗಾಡಿಯನ್ನು ರೂಪಿಸುವುದಕ್ಕೆ 1926ರಲ್ಲಿ ಅರ್ಲನನ್ನು ಕರೆಸಿದರು. ಯೂರೋಪಿನ ಹಿಸ್ಪಾನೊ ಸ್ವೀಜಾ ಗಾಡಿಯ ಚೆಲುವನ್ನು ಮುಂದಿಟ್ಟುಕೊಂಡು ಅವನು ಮಾಡಿದ ಲಾ ಸಾಲ್ 1927ರ ಮಾರ್ಚಿನಲ್ಲಿ ಹೊರಬಂದು ಜನರ ಮನಸ್ಸನ್ನು ಗೆದ್ದಿತು. ಅದೇ ವರ್ಷ ಸ್ಲೋನ್ ತನ್ನ ಸಂಸ್ಥೆಯಲ್ಲಿ ಕಲೆ ಮತ್ತು ವರ್ಣ ವಿಭಾಗವೆಂಬ ಹೊಸ ಶಾಖೆಯನ್ನು ಸ್ಥಾಪಿಸಿ ಅರ್ಲನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದನು. ಐವತ್ತು ಜನರಿಂದ ಆರಂಭವಾದ ಈ ಶಾಖೆಯನ್ನು ಕಾರಖಾನೆಯ ಹಳಬರು ಸೌಂದರ್ಯದಂಗಡಿಯೆಂದು ಹಾಸ್ಯಮಾಡಿದರು.

ಹಾಸ್ಯ ಬೇಗನೆ ಕಹಿಯಾಯಿತು. 1929ರ ಬ್ಯೂಕ್ ಗಾಡಿಗೆ ಅರ್ಲ್ ಸೊಂಟದ ಕೆಳಗೆ ಒಂದು ಮೆಲು ಉಬ್ಬನ್ನು ಕೊಟ್ಟಿದ್ದನು. ಕಾರಖಾನೆಯ ಎಂಜಿನಿಯರುಗಳು ತಮ್ಮ ಅನುಕೂಲಕ್ಕಾಗಿ ಪಕ್ಕದ ತಗಡನ್ನು ಕೆಳಗೆ ಒಳಕ್ಕೆ ಎಳೆದು, ಎತ್ತರವನ್ನೂ ಹೆಚ್ಚಿಸಿಬಿಟ್ಟರು. ಮೆಲು ಉಬ್ಬು ಹೊಟ್ಟೆಯಾಯಿತು. ಜನ ಅದನ್ನು ಗರ್ಭಿಣಿ ಬ್ಯೂಕ್ ಎಂದು ಕರೆದರು, ಮಾರಾಟ ಕುಸಿಯಿತು. ಒಂದೆರಡು ಅಂಗುಲಗಳ ವ್ಯತ್ಯಾಸ ಚೆಲುವನ್ನು ಕುರೂಪವಾಗಿಸಬಲ್ಲುದೆಂದು ಇಡೀ ಸಂಸ್ಥೆಗೆ ತಿಳಿಯಿತು. ಅಂದಿನಿಂದ ಅರ್ಲ್ ತನ್ನ ರೇಖೆಗಳನ್ನು ಕಾರಖಾನೆಯ ಕೊನೆಯ ಬಾಗಿಲಿನವರೆಗೂ ಕಾಯುವವನಾದನು. ಸ್ಲೋನನ ಬೆಂಬಲ ಅವನಿಗೆ ವಜ್ರಕವಚವಾಯಿತು. ಬ್ಯೂಕ್, ಷೆವ್ರೊಲೆ, ಪಾಂಟಿಯಾಕ್ ಶಾಖೆಗಳ ಅಧಿಪತಿಗಳು ಎಷ್ಟೇ ಪ್ರಬಲರಾದರೂ ಅವನೊಡನೆ ವಾದಿಸಿ ಗೆಲ್ಲುವುದು ಕಷ್ಟವಾಗಿತ್ತು. 1940ರಲ್ಲಿ ಅವನು ಸಂಸ್ಥೆಯ ಉಪಾಧ್ಯಕ್ಷನಾದನು. ಅದಕ್ಕೆ ಮೊದಲು ಇಂಥ ದೊಡ್ಡ ಕಂಪೆನಿಯಲ್ಲಿ ರೂಪಕಾರನೊಬ್ಬ ಆ ಸ್ಥಾನಕ್ಕೆ ಏರಿದ್ದಿಲ್ಲ.

ಅಂಗುಲ ಅಂಗುಲವಾಗಿ ನೆಲಕ್ಕೆ

ಅರ್ಲನ ಬಾಳಿನ ಸಂಕಲ್ಪ ಒಂದೇ ವಾಕ್ಯದಲ್ಲಿ ಅಡಗುತ್ತದೆ: ಗಾಡಿಯನ್ನು ಉದ್ದಮಾಡಬೇಕು, ತಗ್ಗಿಸಬೇಕು. ನೆಟ್ಟಗೆ ನಿಂತ ಪೆಟ್ಟಿಗೆಗಿಂತ ಮೈಚಾಚಿ ಮಲಗಿದ ಆಕಾರ ಕಣ್ಣಿಗೆ ಹಿತವೆಂಬುದು ಅವನ ನಂಬಿಕೆ. ನೆಗೆಯಲಿರುವ ಮೃಗ ಮೊದಲು ನೆಲಕ್ಕೆ ಕುಗ್ಗುವುದನ್ನು ನೆನೆದರೆ ಈ ನಂಬಿಕೆಯ ಬಲ ತಿಳಿಯುತ್ತದೆ. ಆದರೆ ಇದು ಬರಿಯ ಕಣ್ಣಿನ ವಿಷಯವಾಗಿರಲಿಲ್ಲ. ಹಳೆಯ ಗಾಡಿಗಳಲ್ಲಿ ಹಿಂದಿನ ಆಸನ ಹಿಂಬದಿಯ ಅಚ್ಚಿನ ಮೇಲೆಯೇ ಇರುತ್ತಿದ್ದುದರಿಂದ ಕುಳಿತವನ ತಲೆ ಎತ್ತರಕ್ಕೆ ಹೋಗುತ್ತಿತ್ತು. 1934ರಲ್ಲಿ ಮುಂದಿನ ಚಕ್ರಗಳಿಗೆ ಪ್ರತ್ಯೇಕವಾದ ಸ್ಪ್ರಿಂಗುಗಳ ಏರ್ಪಾಟು ಬಂದ ಮೇಲೆ ಎಂಜಿನನ್ನು ಮುಂದಕ್ಕೆ ಸರಿಸುವುದು ಸುಲಭವಾಯಿತು. ಪ್ರಯಾಣಿಕರು ಎರಡು ಅಚ್ಚುಗಳ ನಡುವಿನ ತಗ್ಗಿಗೆ ಇಳಿದರು. ಬೆನ್ನಿಗೆ ಕಟ್ಟಿದ ಗಂಟಿನಂತಿದ್ದ ಸಾಮಾನಿನ ಪೆಟ್ಟಿಗೆ ಮೈಯೊಳಗೆ ಸೇರಿ ಡಿಕ್ಕಿಯಾಯಿತು. ಪಕ್ಕದ ಫುಟ್‌ಬೋರ್ಡು ಮಾಯವಾಯಿತು. ಅರ್ಲ್ ಬಂದಾಗ ಆರು ಅಡಿಗೆ ಸಮೀಪವಾಗಿದ್ದ ಎತ್ತರ ಅವನು ಹೋಗುವ ವೇಳೆಗೆ ಐದು ಅಡಿಗಿಂತ ಕೆಳಕ್ಕೆ ಇಳಿದಿತ್ತು.

1938ರಲ್ಲಿ ಅವನು ಮಾಡಿಸಿದ ವೈ-ಜಾಬ್ ಎಂಬ ಬ್ಯೂಕ್ ಗಾಡಿ ಮಾರಾಟಕ್ಕಾಗಿ ಆದದ್ದಲ್ಲ. ಮುಂದೆ ಗಾಡಿಗಳು ಹೇಗಿರಬಹುದೆಂದು ಜನರಿಗೆ ತೋರಿಸಿ, ಅವರ ಮುಖವನ್ನು ನೋಡಿ ತಿಳಿಯುವುದಕ್ಕಾಗಿ ಆದ ಗಾಡಿ ಅದು. ರೆಪ್ಪೆ ಮುಚ್ಚಿದಂತೆ ಒಳಗೆ ಅಡಗುವ ಮುಂದಿನ ದೀಪಗಳು, ವಿದ್ಯುತ್ತಿನಿಂದ ಏರಿಳಿಯುವ ಗಾಜುಗಳು, ಮೈಗೆ ಮೈಯಾಗಿ ಕುಳಿತ ಬಾಗಿಲ ಹಿಡಿಗಳು ಅದರಲ್ಲಿದ್ದುವು. ಅರ್ಲ್ ಅದನ್ನು ವರ್ಷಗಟ್ಟಲೆ ತಾನೇ ಓಡಿಸಿದನು. ಇಂದು ಪ್ರತಿ ಮೋಟಾರು ಪ್ರದರ್ಶನದಲ್ಲಿಯೂ ಕಾಣುವ ಕನಸಿನ ಗಾಡಿಗಳ ವಂಶಕ್ಕೆ ಇದೇ ಮೂಲಪುರುಷ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಡೆಟ್ರಾಯಿಟಿನ ಬಳಿಯ ವಿಮಾನನೆಲೆಯಲ್ಲಿ ಪಿ-38 ಎಂಬ ಜೋಡಿ ಬಾಲದ ಯುದ್ಧವಿಮಾನವನ್ನು ಅವನೂ ಅವನ ಸಹಾಯಕರೂ ಕಂಡರು. ಆ ಬಾಲದ ನೆನಪು 1948ರ ಕ್ಯಾಡಿಲಾಕಿನ ಹಿಂಬದಿಯಲ್ಲಿ ಎರಡು ಸಣ್ಣ ರೆಕ್ಕೆಗಳಾಗಿ ಚಿಗುರಿತು. ಅವನ್ನು ತಿದ್ದಿ ರೂಪಕ್ಕೆ ತಂದವನು ಫ್ರಾಂಕ್ಲಿನ್ ಹರ್ಷಿ ಎಂಬ ಸಹಾಯಕ. ರೆಕ್ಕೆಯಿಂದ ಗಾಡಿ ಹಾರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಯುದ್ಧದ ಬಿಗಿ ಸಡಿಲಿದ ಜನರಿಗೆ ಅದು ಬೇಕಾಗಿತ್ತು.

ಅರ್ಲ್ ಆರಡಿ ನಾಲ್ಕು ಅಂಗುಲದ ಆಳು. ತಿಳಿಬಣ್ಣದ ಬೆಲೆಬಾಳುವ ಉಡುಪು. ಸುಕ್ಕುಗಟ್ಟಿದರೆ ಬದಲಾಯಿಸುವುದಕ್ಕೆ ಕಚೇರಿಯಲ್ಲಿಯೇ ಇನ್ನೊಂದು ಜೊತೆ. ಆಶ್ಚರ್ಯವೆಂದರೆ, ಇಷ್ಟು ಗಾಡಿಗಳ ರೂಪಕಾರನೆನಿಸಿದ ಅವನು ಪೆನ್ಸಿಲನ್ನು ಹಿಡಿಯುತ್ತಿದ್ದುದೇ ಅಪರೂಪ. ಚಿತ್ರ ಬರೆದವರು, ಮಣ್ಣನ್ನು ಮೆತ್ತಿದವರು ಬೇರೆಯವರು. ಅವನು ಕುಳಿತು ನೋಡುವನು, ರೇಖೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ಅಥವಾ ಕೆಳಕ್ಕೆ ಸರಿಸುವಂತೆ ಹೇಳುವನು, ಮತ್ತೆ ನೋಡುವನು. ಅವನ ಕೋಪಕ್ಕೆ ಹೆದರದವರಿರಲಿಲ್ಲ. ನೂರಾರು ಜನರ ದುಡಿಮೆ ಅವನೊಬ್ಬನ ಹೆಸರಿನಲ್ಲಿ ಹೊರಗೆ ಬಂದಿತೆಂಬ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಆ ನೂರಾರು ಜನರಿಗೆ ಒಂದು ವೃತ್ತಿಯೆಂಬುದು ಹುಟ್ಟಿದ್ದೂ ಅವನಿಂದಲೇ.

ಕೊಟ್ಟ ಮಾತನ್ನು ಉಳಿಸದ ಕಾರು

ಯುದ್ಧ ಮುಗಿದ ಮೇಲೆ ಅಮೆರಿಕದ ಯುವಕರು ಇಂಗ್ಲೆಂಡಿನ ಜಾಗ್ವಾರ್, ಎಂ.ಜಿ. ಮೊದಲಾದ ಪುಟ್ಟ ವೇಗದ ಗಾಡಿಗಳಿಗೆ ಮರುಳಾಗಿದ್ದರು. 1951ರಲ್ಲಿ ನ್ಯೂಯಾರ್ಕ್ ಪ್ರಾಂತದ ವಾಟ್‌ಕಿನ್ಸ್ ಗ್ಲೆನ್ ಪಂದ್ಯಕ್ಕೆ ಹೋದ ಅರ್ಲ್ ಇದನ್ನು ಕಣ್ಣಾರೆ ಕಂಡನು. ನಮ್ಮಲ್ಲೇಕೆ ಇಂಥದೊಂದು ಇಲ್ಲವೆಂಬ ಪ್ರಶ್ನೆ ಅವನನ್ನು ಕಾಡಿತು. ಅದರ ಫಲವೇ ಗಾಜಿನ ನಾರಿನಿಂದ ಮೈ ಮಾಡಿದ, ಎರಡೇ ಆಸನಗಳ ಕಾರ್ವೆಟ್. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ನಡೆದ ಮೋಟರಾಮಾ ಪ್ರದರ್ಶನದಲ್ಲಿ ಅದನ್ನು ನೋಡಲು ಜನ ಮುತ್ತಿದರು. ಅದೇ ವರ್ಷದ ಜೂನ್ 30ರಂದು ಫ್ಲಿಂಟ್ ಊರಿನಲ್ಲಿ ತಯಾರಿಕೆ ಆರಂಭವಾಯಿತು. ಮೊದಲ ವರ್ಷ 300 ಗಾಡಿಗಳು. ಎಲ್ಲವಕ್ಕೂ ಬಿಳಿಯ ಮೈ, ಒಳಗೆ ಕೆಂಪು.

ಇಲ್ಲಿಯೇ ಅರ್ಲನ ಕಲೆಯ ಮಿತಿ ಬಯಲಾಯಿತು. ಚಿರತೆಯಂಥ ಆ ಮೈಯೊಳಗೆ ಇದ್ದುದು ಸಂಸಾರವಂದಿಗರ ಷೆವ್ರೊಲೆ ಗಾಡಿಯಿಂದ ಎರವಲು ತಂದ ಆರು ಸಿಲಿಂಡರಿನ ಎಂಜಿನ್. ತಿದ್ದಿ ತೀಡಿದರೂ 150 ಅಶ್ವಶಕ್ತಿ. ಅದಕ್ಕೆ ಜೋಡಿಸಿದ್ದು ಎರಡೇ ಗೇರುಗಳ ಸ್ವಯಂಚಾಲಿತ ಪೆಟ್ಟಿಗೆ. ಕಣ್ಣು ಕೊಟ್ಟ ಮಾತನ್ನು ಕಾಲು ಉಳಿಸಲಿಲ್ಲ. ಬೆಲೆಯೋ 3,498 ಡಾಲರು. 1954ರಲ್ಲಿ 3,640 ಗಾಡಿಗಳನ್ನು ಮಾಡಿದರು. ಅನೇಕವು ಮಾರಾಟವಾಗದೆ ನಿಂತುವು. 1955ರಲ್ಲಿ ಕಾರಖಾನೆಯಿಂದ ಹೊರಬಂದುವು 700 ಮಾತ್ರ. ಅದೇ ವರ್ಷ ಫೋರ್ಡ್ ಕಂಪೆನಿಯ ಥಂಡರ್‌ಬರ್ಡ್ ಹದಿನಾರು ಸಾವಿರಕ್ಕೆ ಮೇಲ್ಪಟ್ಟು ಮಾರಾಟವಾಯಿತು. ಕಾರ್ವೆಟ್ಟಿನ ಆಯುಸ್ಸು ಮುಗಿಯಿತೆಂದೇ ಹಲವರು ಭಾವಿಸಿದರು.

ಅದನ್ನು ಉಳಿಸಿದವರು ಎಂಜಿನಿಯರುಗಳು. ಷೆವ್ರೊಲೆ ಶಾಖೆಯ ಎಡ್ ಕೋಲ್ 1955ರಲ್ಲಿ ಹಗುರವಾದ, 265 ಘನ ಅಂಗುಲದ ಹೊಸ ವಿ-8 ಎಂಜಿನನ್ನು ತಂದನು. ಕಾರ್ವೆಟ್ಟಿನಲ್ಲಿ ಅದರ ಬಲ 195 ಅಶ್ವಶಕ್ತಿ. ರಷ್ಯನ್ ತಂದೆತಾಯಿಗಳಿಗೆ ಬ್ರಸಲ್ಸ್ ನಗರದಲ್ಲಿ ಹುಟ್ಟಿದ ಝೋರಾ ಆರ್ಕಸ್ ಡಂಟೋವ್, ಮೋಟರಾಮಾದಲ್ಲಿ ಕಾರ್ವೆಟ್ಟಿನ ರೂಪಕ್ಕೆ ಮನಸೋತು 1953ರಲ್ಲಿ ಆ ಸಂಸ್ಥೆಯನ್ನು ಸೇರಿದ್ದನು. ಯುವಕರು ಬಯಸುವ ವೇಗವನ್ನು ಅದಕ್ಕೆ ತುಂಬುವುದೇ ಅವನ ವ್ರತವಾಯಿತು. 1957ರ ವೇಳೆಗೆ ಅದೇ ಗಾಡಿಗೆ 283 ಅಶ್ವಶಕ್ತಿಯ ಎಂಜಿನ್ ದೊರೆಯುತ್ತಿತ್ತು. ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಡಂಟೋವನನ್ನು ಆ ಕಾರಖಾನೆಗೆ ಸೆಳೆದದ್ದು ಎಂಜಿನಲ್ಲ, ಅರ್ಲನ ತಂಡದ ರೇಖೆ. ರೂಪವು ತನಗೆ ಬೇಕಾದ ಬಲವನ್ನು ತಾನೇ ಕರೆತಂದಿತೆನ್ನಬಹುದು.

ಶಿಷ್ಯನಿಂದ ಬಂದ ಸೋಲು

ಅರ್ಲನ ಕೊನೆಯ ವರ್ಷಗಳು ನಿರಾಳವಾಗಿರಲಿಲ್ಲ. ಗೆದ್ದ ಸೂತ್ರವನ್ನು ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ಕ್ರೋಮಿಯಂ ಹೆಚ್ಚಿತು, ಮೈ ಉಬ್ಬಿತು, ರೆಕ್ಕೆ ಎತ್ತರವಾಯಿತು. ಒಂದು ಕಾಲಕ್ಕೆ ಅವನ ಕೈಕೆಳಗೆ ಪಾಂಟಿಯಾಕ್ ಗಾಡಿಗಳನ್ನು ರೂಪಿಸಿದ್ದ ವರ್ಜಿಲ್ ಎಕ್ಸ್‌ನರ್ ಈಗ ಪ್ರತಿಸ್ಪರ್ಧಿ ಕ್ರೈಸ್ಲರ್ ಸಂಸ್ಥೆಯಲ್ಲಿದ್ದನು. 1957ರ ಮಾದರಿಯಾಗಿ ಅವನು ತಂದ ಗಾಡಿಗಳು ತೆಳ್ಳಗೆ, ತಗ್ಗಾಗಿ, ಬಿಟ್ಟ ಬಾಣದಂತೆ ಇದ್ದುವು. 1956ರ ಬೇಸಿಗೆಯಲ್ಲಿ ಅರ್ಲನ ತಂಡದ ತರುಣ ಚಕ್ ಜಾರ್ಡನ್ ಕಾರಖಾನೆಯ ಬೇಲಿಯಾಚೆ ನಿಂತಿದ್ದ ಆ ಗಾಡಿಗಳನ್ನು ಕಂಡು ಬೆರಗಾಗಿ ಬಂದು ಜೊತೆಯವರಿಗೆ ತಿಳಿಸಿದನು. ಅರ್ಲ್ ಆಗ ಯೂರೋಪಿನಲ್ಲಿದ್ದನು. ಅವನ ಉತ್ತರಾಧಿಕಾರಿಯೆಂದು ಎಲ್ಲರೂ ಬಲ್ಲ ಬಿಲ್ ಮಿಚೆಲ್ ಮತ್ತು ತರುಣರು 1959ಕ್ಕೆಂದು ಸಿದ್ಧವಾಗುತ್ತಿದ್ದ ಮಾದರಿಗಳನ್ನು ಬದಿಗಿಟ್ಟು ಹೊಸದಾಗಿ ಆರಂಭಿಸಿದರು. ಮರಳಿ ಬಂದ ಅರ್ಲ್ ಅದನ್ನು ನೋಡಿದನು, ಕೊನೆಗೆ ಒಪ್ಪಿಕೊಂಡನು. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಅರ್ಲ್ ಅದನ್ನು ಬಯಸಿದವನಲ್ಲ. ಆದರೆ ಬಂದಾಗ ತಡೆಯಲಿಲ್ಲ. ಎದುರಿಗೆ ನಿಂತು ನಡುಗಿಸುತ್ತಿದ್ದ ಮನುಷ್ಯನ ಬಾಳಿನಲ್ಲಿ ಇದು ದೊಡ್ಡ ಗುಣವೆಂದೇ ಎಣಿಸಬೇಕು.

1958ರ ಡಿಸೆಂಬರಿನಲ್ಲಿ ಅರವತ್ತೈದು ತುಂಬಿದ ಅರ್ಲ್ ನಿವೃತ್ತನಾದನು. ಅವನ ಮೇಲಿನ ಟೀಕೆ ಆ ಬಳಿಕ ತೀವ್ರವಾಯಿತು. ಚೆನ್ನಾಗಿ ಓಡುವ ಗಾಡಿಯನ್ನು ವರ್ಷ ತುಂಬುವುದರೊಳಗೆ ಹಳತೆನ್ನಿಸುವುದು ಜನರ ದುಡ್ಡನ್ನೂ ಲೋಹವನ್ನೂ ಪೋಲುಮಾಡುವ ಕಲೆಯೆಂದು 1960ರಲ್ಲಿ ವ್ಯಾನ್ಸ್ ಪ್ಯಾಕರ್ಡ್ ವಾದಿಸಿದನು. ಕಾರಖಾನೆಗಳು ಅಂದಕ್ಕೆ ಕೊಟ್ಟ ಮನಸ್ಸನ್ನು ಪ್ರಯಾಣಿಕನ ಪ್ರಾಣಕ್ಕೆ ಕೊಡಲಿಲ್ಲವೆಂದು 1965ರಲ್ಲಿ ರಾಲ್ಫ್ ನೇಡರ್ ಗ್ರಂಥವನ್ನೇ ಬರೆದನು. ಚೂಪು ರೆಕ್ಕೆಗಳಿಂದಾದ ಅಪಾಯಗಳೂ ಅದರಲ್ಲಿ ಬಂದುವು. ಈ ಆರೋಪಗಳಿಗೆ ಸುಲಭದ ಉತ್ತರವಿಲ್ಲ. ಹಿಂದೆ ಸಿರಿವಂತನೊಬ್ಬನಿಗೆ ಮೀಸಲಾಗಿದ್ದ ಚೆಲುವನ್ನು ಅರ್ಲ್ ಗುಮಾಸ್ತನ ಷೆವ್ರೊಲೆಗೂ ತಂದನು. ಅದರ ಜೊತೆಗೆ, ತನ್ನಲ್ಲಿರುವುದು ಸಾಲದೆಂಬ ಕಳವಳವನ್ನೂ ಆ ಗುಮಾಸ್ತನ ಮನೆಗೆ ತಂದನು. ಎರಡೂ ಒಂದೇ ಕೈಯಿಂದ ಬಂದ ಕೊಡುಗೆಗಳು.

ನಿವೃತ್ತಿಯ ನಂತರದ ಬೆಳೆ

ಅವನ ನಂತರ ಬಂದ ಮಿಚೆಲ್ ಕ್ರೋಮಿಯಮ್ಮನ್ನು ಕಿತ್ತು ರೇಖೆಯನ್ನು ಹರಿತಗೊಳಿಸಿದನು. 1964ರಲ್ಲಿ ಪಾಂಟಿಯಾಕ್ ಶಾಖೆ ಜಿ.ಟಿ.ಓ. ಎಂಬುದನ್ನು ತಂದಿತು. ಇಂಥ ನಡುಗಾತ್ರದ ಗಾಡಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಸಂಸ್ಥೆಯ ನಿಯಮವಿತ್ತು. ಶಾಖೆಯ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವನ ಸಂಗಡಿಗರು ಅದನ್ನು ಪ್ರತ್ಯೇಕ ಮಾದರಿಯೆನ್ನದೆ, ಕೊಳ್ಳುವವನು ಬೇಕೆಂದರೆ ಸೇರಿಸಿಕೊಡುವ ಸಲಕರಣೆಯೆಂದು ತೋರಿಸಿ 389 ಘನ ಅಂಗುಲದ, 325 ಅಶ್ವಶಕ್ತಿಯ ಎಂಜಿನನ್ನು ಕೂರಿಸಿದರು. ಮೊದಲ ವರ್ಷವೇ 32,450 ಮಾರಾಟವಾದುವು. ಕಾರ್ವೆಟ್ಟಿನ ಮೊದಲ ವರ್ಷಗಳಲ್ಲಿ ಮೈ ಹೇಳಿದ್ದನ್ನು ಎಂಜಿನ್ ಮಾಡಲಿಲ್ಲ. ಇಲ್ಲಿ ಸಾದಾ ಮೈ ಹೇಳಿದ್ದಕ್ಕಿಂತ ಹೆಚ್ಚನ್ನು ಎಂಜಿನ್ ಮಾಡಿತು. ಜನ ಅದಕ್ಕೆ ಒಲಿದರು. ಮುಂದೆ ಬಂದ ಮಸಲ್ ಕಾರುಗಳಲ್ಲಿ ಮೈಯೂ ಬಲಕ್ಕೆ ತಕ್ಕಂತೆ ಬೆಳೆಯಿತು: ಉದ್ದ ಬಾನೆಟ್ಟು, ಗಿಡ್ಡ ಹಿಂಭಾಗ, ಹಿಂದಿನ ಚಕ್ರಗಳ ಮೇಲೆ ತೊಡೆಯಂತೆ ಉಬ್ಬಿದ ತಗಡು. ಹೊಗೆಯ ಕಾನೂನು, ವಿಮೆಯ ದರ, 1973ರ ತೈಲದ ಬಿಕ್ಕಟ್ಟು ಇವುಗಳಿಂದ ಆ ಯುಗ ಬೇಗನೆ ಮುಗಿಯಿತು.

ಅದರ ಏರುಗಾಲದಲ್ಲಿಯೇ, 1969ರ ಏಪ್ರಿಲ್ 10ರಂದು, ಫ್ಲಾರಿಡಾದ ವೆಸ್ಟ್ ಪಾಮ್ ಬೀಚಿನಲ್ಲಿ ಹಾರ್ಲಿ ಅರ್ಲ್ ತನ್ನ ಎಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದೇ ಪ್ರಾಂತದ ಡೇಟೋನಾದಲ್ಲಿ ವರ್ಷವರ್ಷವೂ ನಡೆಯುವ ಐನೂರು ಮೈಲಿಯ ಪಂದ್ಯದಲ್ಲಿ ಗೆದ್ದವನಿಗೆ ಸಲ್ಲುವ ಪಾರಿತೋಷಕಕ್ಕೆ ಅವನದೇ ಹೆಸರು. ಅದರ ನೆತ್ತಿಯ ಮೇಲೆ ಒಂದು ಪುಟ್ಟ ಗಾಡಿ ಕುಳಿತಿದೆ. 1950ರ ದಶಕದ ಆರಂಭದಲ್ಲಿ ಜೆಟ್ ವಿಮಾನವನ್ನು ನೆನೆದು ಅವನು ಮಾಡಿಸಿದ ಫೈರ್‌ಬರ್ಡ್ ಅದು. ಮುಂದೆ 1967ರಲ್ಲಿ ಪಾಂಟಿಯಾಕಿನ ಒಂದು ಗಾಡಿಗೆ ಅದೇ ಹೆಸರು ಬಂತು. ಲಾ ಸಾಲ್ 1940ರಲ್ಲಿಯೇ ನಿಂತಿತು. ಪಾಂಟಿಯಾಕ್ ಎಂಬ ಶಾಖೆಯೂ ಈಗಿಲ್ಲ. ಆದರೆ ಸೋಲಿನಿಂದ ಎದ್ದು ಬಂದ ಕಾರ್ವೆಟ್ ಬದುಕಿದೆ. ಗಣಕಯಂತ್ರಗಳು ಎಷ್ಟೇ ಮುಂದುವರಿದಿದ್ದರೂ ಹೊಸ ಗಾಡಿಯೊಂದನ್ನು ಯೋಚಿಸುವ ಕಾರಖಾನೆಗಳಲ್ಲಿ ಇಂದಿಗೂ ಪೂರ್ಣಗಾತ್ರದ ಮಾದರಿಯನ್ನು ಜೇಡಿಮಣ್ಣಿನಲ್ಲಿ ಮೆತ್ತುತ್ತಾರೆ; ದೂರ ನಿಂತು ನೋಡುತ್ತಾರೆ; ಒಂದು ರೇಖೆಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡುತ್ತಾರೆ.